ಫೆಸ್ಟಿವಲ್‌ನಲ್ಲಿ ಟ್ಯಾಪ್‌ನಿಂದ ಕುಡಿದ ಕ್ರಾಫ್ಟ್ ಬಿಯರ್‌ಗಳಲ್ಲಿ ನಿಮ್ಮ ಫೇವರಿಟ್ ಯಾವ್ದು?

ನೊರೆನೋಟ:
ಫೆಸ್ಟಿವಲ್‌ಗೆ ಹೋಗಿ ಬಂದವರೆಲ್ಲ ಬನ್ನಿ. ಯಾವ ಬಿಯರ್ ಇಷ್ಟ ಆಯ್ತು, ಯಾಕೆ ಇಷ್ಟ ಆಯ್ತು, ಹೆಂಗೆ ಸುರಿದು ಕೊಟ್ರು, ಇಷ್ಟೂ ಬರೀರಿ. ಬರೀ ಸೂಪರ್ ಇತ್ತು ಅಂದ್ರೆ ಇನ್ನೂ ಹೋಗ್ದೇ ಇರೋರಿಗೆ ಏನೂ ಉಪಯೋಗ ಆಗಲ್ಲ, ಇವತ್ತು ಮೊದಲ ದಿನ ಅಷ್ಟೇ, ನಾಳೆನೂ ಇದೆ.

ನಂದು ನಾನೇ ಮೊದ್ಲು ಹೇಳ್ತೀನಿ. ಅಷ್ಟೊಂದು ಟ್ಯಾಪ್ ಇದ್ರೂ ನನ್ನ ಲಿಸ್ಟಲ್ಲಿ ಮೊದಲನೇದು ಒಂದು ಜೆಕ್ ಸ್ಟೈಲ್ ಪಿಲ್ಸ್ನರ್. ಹಣ್ಣಿಲ್ಲ, ಮರದ ಬ್ಯಾರೆಲ್‌ನಲ್ಲಿ ಇಟ್ಟಿದ್ದಲ್ಲ, ಏನಿಲ್ಲ, ಆಲ್ಕೋಹಾಲ್ 4.8 ಪರ್ಸೆಂಟು. ಆ ಸ್ಟಾಲ್‌ನೋರು ಸೈಡ್ ಪುಲ್ ಟ್ಯಾಪ್ ತಂದಿದ್ರು, ಅಂದ್ರೆ ಹಿಡಿಕೆ ಮುಂದಕ್ಕೆ ಎಳೆಯೋದಲ್ಲ ಪಕ್ಕಕ್ಕೆ ತಿರುಗಿಸೋದು, ಒಳಗೆ ಬಾಲ್ ವಾಲ್ವ್ ಇರುತ್ತೆ, ಮೂತಿ ಹತ್ರ ಸಣ್ಣ ಜಾಲರಿ ಇರುತ್ತೆ, ಸ್ವಲ್ಪ ತಿರುಗಿಸಿದ್ರೆ ಬರೀ ನೊರೆ, ಪೂರ್ತಿ ತಿರುಗಿಸಿದ್ರೆ ಬಿಯರ್. ಮೊದ್ಲು ಗ್ಲಾಸ್ ತಳಕ್ಕೆ ನೊರೆ ಹಾಕಿ ಆಮೇಲೆ ಮೂತೀನ ಆ ನೊರೆ ಒಳಗೇ ಮುಳುಗಿಸಿ ಬಿಯರ್ ಬಿಡ್ತಾರೆ, ಹಂಗಾಗಿ ಬಿಯರ್‌ಗೆ ಗಾಳಿ ಸೋಕೋದೂ ಕಮ್ಮಿ, ಗ್ಯಾಸ್ ಚುಚ್ಚೋದೂ ಕಮ್ಮಿ, ಮೇಲೆ ಎರಡು ಮೂರು ಬೆರಳಷ್ಟು ಒದ್ದೆಯಾದ ಗಟ್ಟಿ ನೊರೆ ಕೊನೇವರೆಗೂ ನಿಂತಿರುತ್ತೆ. ಆ ನೊರೆ ದಾಟಿ ಕುಡಿದಾಗ ಸಾಜ್ ಹಾಪ್ಸ್‌ದು (ಹಾಪ್ಸ್ ಅಂದ್ರೆ ಬಿಯರ್‌ಗೆ ಕಹಿ, ಪರಿಮಳ ಕೊಡೋ ಹೂವು, ಸಾಜ್ ಅದ್ರಲ್ಲಿ ಒಂದು ಜೆಕ್ ತಳಿ) ಒಂದು ಹುಲ್ಲು-ಹೂವಿನ ಪರಿಮಳ, ಹಿಂದೇನೇ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ, ಆಮೇಲೆ ಉದ್ದಕ್ಕೆ ಒಂದು ಕಹಿ, ಆದ್ರೆ ಒರಟಲ್ಲ. 1842ರಲ್ಲಿ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಅನ್ನೋ ಬವೇರಿಯಾದ ಬ್ರೂವರ್ ಈ ಬಂಗಾರದ ಬಣ್ಣದ ಲಾಗರ್ (ತಣ್ಣಗೆ, ನಿಧಾನವಾಗಿ ಹುದುಗಿಸೋ ಬಿಯರ್) ಮಾಡಿದಾಗ ಅವನಿಗೆ ಸಿಕ್ಕಿದ್ದು ಲವಣ ತುಂಬಾ ಕಮ್ಮಿ ಇರೋ ಮೆದು ನೀರು, ಅದ್ಕೇ ಅಷ್ಟು ಹಾಪ್ಸ್ ಹಾಕಿದ್ರೂ ನಾಲಿಗೆ ಕೆರೆಯಲ್ಲ. ಇವತ್ತಿಗೂ ಒಳ್ಳೇ ಪಿಲ್ಸ್ನರ್ ಮಾಡೋರು ಮೊದ್ಲು ನೀರು ಸರಿ ಮಾಡ್ಕೋತಾರೆ.

ನನಗೆ ಅನ್ನಿಸಿದ್ದು ಏನಂದ್ರೆ 100 ಎಂಎಲ್ ಸ್ಯಾಂಪಲ್‌ನಲ್ಲಿ ಯಾವಾಗ್ಲೂ ಜೋರಾಗಿರೋ ಬಿಯರೇ ಗೆಲ್ಲುತ್ತೆ, ಸೂಕ್ಷ್ಮವಾಗಿರೋದು ಕಣ್ಣಿಗೇ ಬೀಳಲ್ಲ. ಆದ್ರೆ ಟ್ಯಾಪ್‌ನಿಂದ ತುಂಬಾ ಲಾಭ ಆಗೋದು ಈ ಸೂಕ್ಷ್ಮವಾಗಿರೋದಕ್ಕೇ. ಬಾಟಲ್‌ನಲ್ಲೂ ಅಷ್ಟೇ ಚೆನ್ನಾಗಿ ಸಿಗೋದನ್ನ ಕುಡಿಯೋಕೆ ಫೆಸ್ಟಿವಲ್‌ವರೆಗೂ ಯಾಕೆ ಹೋಗ್ಬೇಕು?

ಹಾಪ್‌ಪ್ರಿಯ:
ಗುರು ಆ ಪಿಲ್ಸ್ನರ್ ನಾನೂ ಕುಡಿದೆ, ಚೆನ್ನಾಗಿತ್ತು, ಆದ್ರೆ ಟ್ಯಾಪ್ ಲಾಭದ ಮಾತು ಬಂದ್ರೆ ಮೊದಲ ಹೆಸರು ಹೇಜಿ ಐಪಿಎ, ಅಂದ್ರೆ ಹಾಪ್ಸ್ ತುಂಬಾ ಹಾಕಿರೋ ಮಬ್ಬು ಮಬ್ಬು ಬಿಯರ್. ನನ್ನ ಫೇವರಿಟ್ ಸಿಟ್ರಾ ಮತ್ತೆ ಮೊಸೇಕ್ ಹಾಪ್ಸ್ ಹಾಕಿದ್ದ ಒಂದು ಡಬಲ್ ಹೇಜಿ, 8 ಪರ್ಸೆಂಟ್ ಅಂತ ಬೋರ್ಡಲ್ಲಿ ಇತ್ತು, ಕುಡಿದ್ರೆ ಆಲ್ಕೋಹಾಲ್ ಗೊತ್ತೇ ಆಗಲ್ಲ, ಮಾವು ಪ್ಯಾಶನ್ ಫ್ರೂಟ್ ಕಿತ್ತಳೆ ಸಿಪ್ಪೆ ಒಂದರ ಮೇಲೊಂದು ಬರ್ತಾನೇ ಇತ್ತು, ಬಾಯಲ್ಲಿ ಓಟ್ಸ್‌ದು ಆ ಮೆತ್ತನೆ ಭಾರ.

ಈ ಬಿಯರ್‌ಗೆ ದೊಡ್ಡ ಶತ್ರು ಅಂದ್ರೆ ಆಕ್ಸಿಜನ್. ಫರ್ಮೆಂಟೇಶನ್ (ಹುದುಗೋದು) ನಡೀತಿರುವಾಗ ಮತ್ತೆ ಮುಗಿದ ಮೇಲೆ ಅಷ್ಟೊಂದು ಹಾಪ್ಸ್ ಕುದಿಸದೇ ಹಾಗೇ ಹಾಕಿ ಡ್ರೈ ಹಾಪಿಂಗ್ ಮಾಡ್ತಾರಲ್ಲ, ಆ ಎಣ್ಣೆಗಳು, ಆ ಪಾಲಿಫಿನಾಲ್‌ಗಳು ಗಾಳಿ ತಾಕಿದ್ರೆ ಬೇಗ ಕೆಡ್ತವೆ, ಮೊದ್ಲು ಪರಿಮಳ ಹೋಗುತ್ತೆ, ಆಮೇಲೆ ಬಣ್ಣ ಹಳದಿಯಿಂದ ಒಂಥರಾ ಕಂದು-ಬೂದಿ ಆಗುತ್ತೆ, ರುಚಿ ಒದ್ದೆ ರಟ್ಟಿನ ಕಡೆ ತಿರುಗುತ್ತೆ. ಕ್ಯಾನ್ ತಿಂಗಳುಗಟ್ಲೆ ಬಿಸಿಲಲ್ಲೋ ಗೋಡೌನಲ್ಲೋ ಇದ್ದು ಬಂದಿರುತ್ತೆ, ಇಲ್ಲಿ ಬ್ರೂವರಿಯಿಂದ ನೇರ ಕೆಗ್ (ಬಿಯರ್ ತುಂಬೋ ಲೋಹದ ಪೀಪಾಯಿ) ಬಂದಿರುತ್ತೆ. ನಾನು ಪ್ರತಿ ಸ್ಟಾಲ್‌ನಲ್ಲೂ ಕೇಳೋದು ಒಂದೇ, ಯಾವಾಗ ಕೆಗ್ ತುಂಬಿಸಿದ್ರಿ ಅಂತ. ತಡ ಮಾಡ್ದೆ ತಾರೀಖು ಹೇಳಿದ್ರೆ ಅಲ್ಲೇ ಕುಡೀತೀನಿ, ಬೇರೆ ಏನೋ ಮಾತಾಡಿದ್ರೆ ಮುಂದಿನ ಸ್ಟಾಲು.

ಇನ್ನೊಂದು ವೆಸ್ಟ್ ಕೋಸ್ಟ್ ಐಪಿಎನೂ ಸಿಕ್ತು, ತಿಳಿಯಾಗಿ, ಡ್ರೈ ಆಗಿ, ಪೈನ್ ಮತ್ತೆ ಗ್ರೇಪ್‌ಫ್ರೂಟು. ಕ್ಯಾಸ್ಕೇಡ್ ಹಾಪ್ 1972ರಲ್ಲಿ ಬಂದಿದ್ದು, ಅಮೆರಿಕನ್ ಕ್ರಾಫ್ಟ್ ಬಿಯರ್ ವಾಸನೆ ಅಂತ ನಮ್ಮ ತಲೇಲಿ ಏನಿದೆ ಅದು ಬಹುಪಾಲು ಅಲ್ಲಿಂದ್ಲೇ. ಇದು ಎರಡನೇ ಜಾಗ.

ಕಪ್ಪುಗ್ಲಾಸ್:
ನಂದು ಸ್ಟೌಟು, ಹುರಿದ ಧಾನ್ಯ ಹಾಕಿ ಮಾಡೋ ಕಪ್ಪು ಬಿಯರು. ಸ್ಟೌಟ್ ಅಂದ ತಕ್ಷಣ ಎಲ್ರೂ 12 ಪರ್ಸೆಂಟ್ ಬ್ಯಾರೆಲ್ ಏಜ್ಡ್ ಕ್ಯೂ ಕಡೆ ಓಡ್ತಾರೆ, ನಾನು ಹೇಳ್ತಿರೋದು ನೈಟ್ರೋದಲ್ಲಿ ಬಂದ ಡ್ರೈ ಸ್ಟೌಟ್, ಬರೀ 4.2. ನೊರೆನೋಟ ಅವ್ರೇ ನಿಮ್ಮ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ, ಇದು ಟ್ಯಾಪ್‌ನಿಂದ್ಲೇ ಹುಟ್ಟೋ ಬಿಯರ್.

ಗ್ಯಾಸ್‌ನಲ್ಲಿ ಮುಕ್ಕಾಲು ಪಾಲು ನೈಟ್ರೋಜನ್, ಕಾಲು ಪಾಲು ಕಾರ್ಬನ್ ಡೈಆಕ್ಸೈಡ್, ಪ್ರೆಶರ್ ಮಾಮೂಲಿಗಿಂತ ಜಾಸ್ತಿ, ಟ್ಯಾಪ್ ಒಳಗೆ ಸಣ್ಣ ಸಣ್ಣ ತೂತಿರೋ ಒಂದು ಪ್ಲೇಟ್, ಅದ್ರ ಮೂಲಕ ಬಿಯರ್ ನುಗ್ಗುವಾಗ ನೈಟ್ರೋಜನ್ ಸಣ್ಣ ಗುಳ್ಳೆಯಾಗಿ ಹೊರಗೆ ಬರುತ್ತೆ. ನೈಟ್ರೋಜನ್ ಬಿಯರಲ್ಲಿ ಕರಗೋದೇ ಕಷ್ಟ, ಅದ್ಕೇ ಸೋಡಾ ಚುಚ್ಚೋ ಹುಳಿ ಇರಲ್ಲ, ಬಾಯಿಗೆ ಕೆನೆ ಕೆನೆ ಅನ್ಸುತ್ತೆ. ಗ್ಲಾಸಲ್ಲಿ ಗುಳ್ಳೆ ಕೆಳಗೆ ಇಳೀತಿರೋ ಹಂಗೆ ಕಾಣುತ್ತಲ್ಲ, ಅದು ನಿಜವಾಗ್ಲೂ ಇಳಿಯೋದೇ, ಮಧ್ಯದಲ್ಲಿ ಬಿಯರ್ ಮೇಲಕ್ಕೆ ಹೋಗಿ ಗೋಡೆ ಪಕ್ಕ ಕೆಳಗೆ ಬರುತ್ತೆ, ಸಣ್ಣ ಗುಳ್ಳೆಗಳನ್ನ ಎಳ್ಕೊಂಡು ಬರುತ್ತೆ. ಆ ಪದರ ಪೂರ್ತಿ ಸೆಟ್ ಆಗೋವರೆಗೂ ಕಾಯಿರಿ, ದಯವಿಟ್ಟು. ನನ್ನ ಪಕ್ಕದಲ್ಲಿ ನಿಂತಿದ್ದವ್ರು ಕೈಗೆ ಕೊಟ್ಟ ತಕ್ಷಣ ಒಂದೇ ಗುಟುಕಿಗೆ ಮುಗಿಸಿದ್ರು, ನೋಡೋಕಾಗ್ಲಿಲ್ಲ.

ಬ್ಯಾರೆಲ್‌ದೂ ಕುಡಿದೆ, ಬೇಡ ಅನ್ನಲ್ಲ. ಬರ್ಬನ್ ವಿಸ್ಕಿಗೆ ಪ್ರತಿ ಸಲ ಹೊಸ ಸುಟ್ಟ ಓಕ್ ಪೀಪಾಯೇ ಬೇಕು ಅಂತ ಅಮೆರಿಕದಲ್ಲಿ ಕಾನೂನಿದೆ, ಹಂಗಾಗಿ ಒಂದು ಸಲ ಬಳಸಿದ ಪೀಪಾಯಿ ಬ್ರೂವರಿಗಳ ಕೈಗೆ ಬರುತ್ತೆ, ವೆನಿಲ್ಲಾ ತೆಂಗು ಸುಟ್ಟ ಸಕ್ಕರೆ ಎಲ್ಲಾ ಅಲ್ಲಿಂದ್ಲೇ. ಆದ್ರೆ ಐಸ್‌ನಲ್ಲಿ ಕೊರೆಯೋ ಹಂಗೆ ಕೊಟ್ರು, ಕೈಲಿ ಹಿಡ್ಕೊಂಡು ಹದಿನೈದು ನಿಮಿಷ ಬೆಚ್ಚಗೆ ಮಾಡಿದ್ಮೇಲೆ ಬಾಯಿ ಬಿಡ್ತು.

ಹುಳಿಹುಡುಗಿ:
ನನಗಂತೂ ಹುಳಿ ಬಿಯರೇ ಸೈ ನೋಡ್ರಿ. ಗೋಸ ಒಂದು ಸಿಕ್ತು, ಭಾಳ ಚಲೋ ಇತ್ತು, ಕೊತ್ತಂಬರಿ ಬೀಜದ ವಾಸನಿ, ಹಿಂದ ಸಣ್ಣಗ ಉಪ್ಪು, ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಹುಳಿ ಮೊಸರಿನ ಕಡೆ ವಾಲಿದ್ದು, 4.3 ಪರ್ಸೆಂಟ್ ಅಷ್ಟ. ಬಿಸಿಲಾಗ ನಿಂತು ಕುಡೀಲಿಕ್ಕೆ ಇದರಷ್ಟು ಸರಿಯಾದ್ದು ಬ್ಯಾರೆ ಯಾವುದೂ ಇರಲಿಲ್ಲ. ಈ ಗೋಸ ಜರ್ಮನಿಯ ಲೈಪ್‌ಜಿಗ್ ಕಡೆ ಶತಮಾನಗಟ್ಲೆ ಇದ್ದದ್ದು, 1966ರಾಗ ಮಾಡೋದ ನಿಂತು ಹೋಗಿತ್ತು, 1980ರ ದಶಕದಾಗ ಮತ್ತ ಶುರು ಮಾಡಿದ್ರು. ಈಗ ಯಾವ ಕ್ರಾಫ್ಟ್ ಫೆಸ್ಟಿವಲ್‌ಗೆ ಹೋದ್ರೂ ಒಂದರೆ ಗೋಸ ಇರ್ತದ, ನನಗ ಅದು ಭಾಳ ಖುಷಿ ಕೊಡ್ತದ, ಸತ್ತ ಸ್ಟೈಲ್ ಒಂದು ಎದ್ದು ಕೂತಂಗ.

ಆದರ ನನ್ನ ಒಂದನೇ ನಂಬರು ಲ್ಯಾಂಬಿಕ್. ಗ್ಯೂಜ್ ಅಲ್ಲರೀ, ಬ್ಲೆಂಡ್ ಮಾಡದ ಬರೇ ಲ್ಯಾಂಬಿಕ್. ಬ್ರಸೆಲ್ಸ್ ಸುತ್ತಮುತ್ತ ಚಳಿಗಾಲದಾಗ ಕುದಿಸಿದ ವೋರ್ಟ್‌ನ (ಮಾಲ್ಟಿನ ಸಿಹಿ ನೀರು) ಅಗಲ ತೊಟ್ಟಿಯೊಳಗ ರಾತ್ರಿಯೆಲ್ಲಾ ತೆರೆದಿಟ್ಟು, ಗಾಳಿಯಾಗಿನ ಯೀಸ್ಟಿನಿಂದನ ಹುದುಗಿಸ್ತಾರ, ಆಮ್ಯಾಲ ಮರದ ಪೀಪಾಯಿಯೊಳಗ ವರ್ಷಗಟ್ಲೆ. ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಕೂಡಿಸಿ ಬಾಟಲಿಗೆ ಹಾಕಿದ್ರ ಗ್ಯೂಜ್, ಅದು ಬುಸ್ ಅಂತದ. ಲ್ಯಾಂಬಿಕ್ ಹಂಗಲ್ಲ, ಗ್ಯಾಸೇ ಇರೂದಿಲ್ಲ, ನೀರಿನಂಗ ಸುಮ್ಮನ ಇರ್ತದ. ನನ್ನ ಜೋಡಿ ಬಂದಾಕಿ ಇದು ಹಾಳಾಗೇದ ಅಂತ ಗ್ಲಾಸ್ ತಿರುಗಿ ಕೊಡಲಿಕ್ಕೆ ಹೋಗಿದ್ಲು, ನಾ ತಡದು ಕುಡಿಸಿದೆ. ಹುಲ್ಲಿನ ಬಣವಿ, ನಿಂಬಿ ಸಿಪ್ಪಿ, ಹಳೇ ಕಟ್ಟಿಗಿ, ಏನ ಹೇಳಲಿ. ಬಾಟಲಿಯೊಳಗ ಇದು ಸಿಗೂದ ಅಪರೂಪ.

ಗೋಧಿತೆನೆ:
ಹೆಫೆವೈಜನ್, ಅಂದರೆ ಜರ್ಮನಿಯ ಗೋಧಿ ಬಿಯರ್ ಬಗ್ಗೆ ಯಾರೂ ಮಾತಾಡುದೇ ಇಲ್ವಾ ಮಾರಾಯ್ರೆ? ಬಾಳೆಹಣ್ಣು ಲವಂಗ ಎರಡೂ ಸಮ ಸಮ ಬಂದ ಒಂದು ಹೆಫೆ ಉಂಟು ಅಲ್ಲಿ, ಮೂಲೆಯ ಸ್ಟಾಲ್, ಎದುರು ಜನವೇ ಇರಲಿಲ್ಲ. ಬಾಳೆಹಣ್ಣೂ ಇಲ್ಲ ಲವಂಗವೂ ಇಲ್ಲ, ಎರಡೂ ಯೀಸ್ಟ್ ಮಾಡುದು. ಬಾಳೆಹಣ್ಣು ಅಂದರೆ ಐಸೋಅಮೈಲ್ ಅಸಿಟೇಟ್ ಅಂತ ಒಂದು ಎಸ್ಟರ್, ಲವಂಗ ಅಂದರೆ ಮಾಲ್ಟಿನ ಫೆರುಲಿಕ್ ಆಸಿಡ್‌ನಿಂದ ಯೀಸ್ಟ್ ತೆಗೆಯುವ ಫಿನಾಲ್. ಮ್ಯಾಶನ್ನು (ಬಿಸಿನೀರಲ್ಲಿ ಕಲಸಿದ ಮಾಲ್ಟ್) 45 ಡಿಗ್ರಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರೆ ಲವಂಗ ಜಾಸ್ತಿ, ಫರ್ಮೆಂಟೇಶನ್ ಬೆಚ್ಚಗೆ ಬಿಟ್ಟರೆ ಬಾಳೆಹಣ್ಣು ಜಾಸ್ತಿ. ಆ ಬ್ರೂವರ್ ಎರಡನ್ನೂ ಹಿಡಿದು ನಿಲ್ಲಿಸಿದ್ದಾರೆ, ಅದು ಸುಲಭ ಅಲ್ಲ.

ಒಂದು ವಿಷಯ ಬೇಕಾದರೆ ಬರೆದಿಟ್ಟುಕೊಳ್ಳಿ, ಹೆಫೆ ಕೆಗ್ ಅಲ್ಲಾಡದೆ ನಿಂತರೆ ಯೀಸ್ಟ್ ತಳಕ್ಕೆ ಕೂತುಬಿಡ್ತದೆ. ಕೆಗ್‌ನಲ್ಲಿ ಬಿಯರ್ ಎಳೆಯುವ ಕೊಳವೆ ತಳಮುಟ್ಟ ಇರುದರಿಂದ ಮೊದಲು ಬರುದು ಪೂರ್ತಿ ಕೆಸರು, ಮತ್ತೆ ಬರುದು ತಿಳಿ. ಕನೆಕ್ಟ್ ಮಾಡುವ ಮೊದಲು ಕೆಗ್ಗನ್ನು ಮಗುಚಿ ಇಟ್ಟೋ ಉರುಳಿಸಿಯೋ ಕಲಸಬೇಕು. ಇವರು ಮಾಡಿದ್ದರು, ನಾನು ಕೇಳಿದೆ.

ಟ್ಯಾಪ್‌ಹಿಂದೆ:
ನಾನು ಸುರಿಯೋ ಕಡೆ ನಿಂತವ್ನು, ಹಂಗಾಗಿ ಬೇರೆ ಕಡೆಯಿಂದ ಹೇಳ್ತೀನಿ, ಫೇವರಿಟ್ ಬಿಯರ್ ಹುಡುಕೋರಿಗೆ ಇದು ಬೇಕಾಗುತ್ತೆ.

ಫೆಸ್ಟಿವಲ್ ಸ್ಟಾಲ್‌ಗಳಲ್ಲಿ ಮುಕ್ಕಾಲು ಪಾಲು ಜಾಕಿ ಬಾಕ್ಸ್ ಇರುತ್ತೆ. ಒಂದು ಐಸ್ ಬಾಕ್ಸು, ಅದ್ರೊಳಗೆ ಸುರುಳಿ ಸುತ್ತಿರೋ ಉದ್ದನೆ ಸ್ಟೀಲ್ ಪೈಪು, ಕೆಗ್ ಹೊರಗಡೆ. ಬಿಯರ್ ಆ ಪೈಪಲ್ಲಿ ಹೋಗ್ತಾ ಹೋಗ್ತಾನೇ ತಣ್ಣಗಾಗ್ಬೇಕು. ಪೈಪ್ ಅಷ್ಟು ಉದ್ದ ಇರೋದ್ರಿಂದ ತಳ್ಳೋಕೆ 25ರಿಂದ 30 ಪಿಎಸ್‌ಐ ಪ್ರೆಶರ್ ಕೊಡ್ತಾರೆ, ಮಾಮೂಲಿ ಬಾರ್‌ನಲ್ಲಿ 10ರಿಂದ 14 ಸಾಕು. ಬಾಕ್ಸಲ್ಲಿ ಬರೀ ಐಸ್ ತುಂಬಿದ್ರೆ ಐಸು ಪೈಪಿಗೆ ಅಲ್ಲಲ್ಲಿ ಮಾತ್ರ ತಾಕುತ್ತೆ, ನೀರೂ ಸೇರಿಸಿರ್ಬೇಕು, ಆಗ್ಲೇ ಪೂರ್ತಿ ಪೈಪ್ ತಣ್ಣಗಿರೋದು. ಬರೀ ನೊರೆ ಉಗುಳ್ತಿರೋ ಸ್ಟಾಲ್ ಕಂಡ್ರೆ ಬಹಳ ಸಲ ಇದೇ ಕಾರಣ, ಇಲ್ಲಾಂದ್ರೆ ಕೆಗ್ಗೂ ಐಸ್‌ನಲ್ಲಿಟ್ಟು ಅದೇ 30 ಪ್ರೆಶರ್‌ನಲ್ಲಿ ರಾತ್ರಿಯೆಲ್ಲ ಬಿಟ್ಟಿರ್ತಾರೆ, ಬಿಯರು ಗ್ಯಾಸ್ ಕುಡಿದು ಕೂತಿರುತ್ತೆ. ಅದು ಬ್ರೂವರ್ ತಪ್ಪಲ್ಲ, ಆ ಬಿಯರ್‌ನ ಕೆಟ್ಟದು ಅಂತ ಬರ್ಕೋಬೇಡಿ, ಸಂಜೆ ವಾಪಸ್ ಹೋಗಿ ಇನ್ನೊಂದ್ಸಲ ಕೇಳಿ.

ಬೆಣ್ಣೆ ವಾಸನೆ ಬಂದ್ರೆ ಡೈಅಸಿಟೈಲ್. ಒಂದೋ ಫರ್ಮೆಂಟೇಶನ್ ಅವಸರ ಮಾಡಿದ್ದಾರೆ ಇಲ್ಲಾ ಲೈನ್ (ಬಿಯರ್ ಬರೋ ಪೈಪು) ಗಲೀಜಾಗಿದೆ, ಲೈನ್‌ನ ಎರಡು ವಾರಕ್ಕೊಮ್ಮೆಯಾದ್ರೂ ತೊಳೀಬೇಕು. ಅದೇ ಸ್ಟಾಲ್‌ನಲ್ಲಿ ಬೇರೆ ಟ್ಯಾಪ್ ಬಿಯರೂ ಹಂಗೇ ಇದ್ರೆ ಲೈನ್ ಮೇಲೆ ಅನುಮಾನ ಪಡಿ.

ಮತ್ತೆ ಬಿಸಿಲು! ಇದು ಜನಕ್ಕೆ ಗೊತ್ತೇ ಇಲ್ಲ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಜೊತೆ ಸೇರಿ ಕೊಳಕು ವಾಸನೆ ಬರುತ್ತೆ, ಕಂದು ಬಾಟಲ್ ಇರೋದೇ ಅದನ್ನ ತಡೆಯೋಕೆ. ಕೆಗ್ ಒಳಗೆ ಕತ್ತಲು, ಸಮಸ್ಯೆ ಇಲ್ಲ, ಆದ್ರೆ ನೀವು ಪಾರದರ್ಶಕ ಗ್ಲಾಸ್ ಹಿಡ್ಕೊಂಡು ಬಿಸಿಲಲ್ಲಿ ಮಾತಾಡ್ತಾ ನಿಂತ್ರೆ ಕೆಲವೇ ನಿಮಿಷಕ್ಕೆ ಪಿಲ್ಸ್ನರ್ ವಾಸನೆ ಬದಲಾಗುತ್ತೆ. ನೆರಳಿಗೆ ಹೋಗಿ.

ಹಾಪ್‌ಪ್ರಿಯ:
ಟ್ಯಾಪ್‌ಹಿಂದೆ ಬಾಸ್, ಈ ಬಿಸಿಲಿನ ವಿಷಯ ದೊಡ್ಡದು. ಮಧ್ಯಾಹ್ನ ಒಂದು ಪೇಲ್ ಏಲ್ ಮೊದಲ ಗುಟುಕಿಗೆ ಬೊಂಬಾಟ್ ಇದ್ದದ್ದು ಕೊನೆಗೆ ಒಂಥರಾ ನಾತ ಹೊಡೀತಿತ್ತು, ಈಗ ಅರ್ಥ ಆಯ್ತು.

ನೊರೆನೋಟ ಅವ್ರೇ, ನಿಮ್ಮ ಮಾತು ಅರ್ಧ ಒಪ್ತೀನಿ. ಜೋರಾಗಿರೋದು ಗೆಲ್ಲುತ್ತೆ ಅನ್ನೋದು ಸರಿ, ಆದ್ರೆ ಜೋರಾಗಿರೋದೆಲ್ಲ ಬರೀ ಸದ್ದಲ್ಲ. ಆ ಡಬಲ್ ಹೇಜಿ ನಾನು ಫುಲ್ ಗ್ಲಾಸ್ ತಗೊಂಡೂ ಕುಡಿದೆ, ಕೊನೇ ಗುಟುಕೂ ಅಷ್ಟೇ ಚೆನ್ನಾಗಿತ್ತು.

ನೊರೆನೋಟ:
ಫುಲ್ ಗ್ಲಾಸ್ ಕುಡಿದು ನೋಡಿದ್ದಕ್ಕೆ ಖುಷಿ, ನಾನು ಹೇಳ್ತಿದ್ದ ಪರೀಕ್ಷೆ ಅದೇ. ಒಂದು ದಿನದಲ್ಲಿ ಎಷ್ಟೇ ಸ್ಯಾಂಪಲ್ ಕುಡೀರಿ, ಕೊನೆಗೆ ಒಂದನ್ನ ಆರಿಸಿ ದೊಡ್ಡ ಗ್ಲಾಸ್ ತಗೊಂಡು ಕೂತು ಕುಡೀರಿ, ಆಮೇಲೂ ಅದೇ ಫೇವರಿಟ್ಟಾ ನೋಡಿ. ಕೇಕ್ ತರ ಸಿಹಿಯಾಗಿ ಮಾಡೋ ಪೇಸ್ಟ್ರಿ ಸ್ಟೌಟ್‌ಗಳಲ್ಲಿ ಬಹಳಷ್ಟು ಅಲ್ಲೇ ಬಿದ್ದು ಹೋಗ್ತವೆ, ಮೂರನೇ ಗುಟುಕಿಗೆ ಸಿಹಿ ಮುಖಕ್ಕೆ ಹೊಡೆಯುತ್ತೆ. ಹಾಪ್‌ಪ್ರಿಯ ಅವ್ರ ಹೇಜಿ ಬೀಳ್ಲಿಲ್ಲ ಅಂದ್ರೆ ಅದು ನಿಜವಾಗ್ಲೂ ಒಳ್ಳೇ ಬಿಯರ್, ನಾಳೆ ನಾನೂ ಅದನ್ನೇ ತಗೋತೀನಿ.

ಮಾಲ್ಟ್‌ಮೇಷ್ಟ್ರು:
ನಿಮ್ಮ ಪರೀಕ್ಷೆಗೆ ಇನ್ನೊಂದು ಬಿಯರ್ ಸೇರಿಸಿ ನೊರೆನೋಟ, ರೌಕ್‌ಬಿಯರ್. ಬೀಚ್ ಮರದ ಹೊಗೇಲಿ ಒಣಗಿಸಿದ ಮಾಲ್ಟಿಂದ ಮಾಡೋದು, ಜರ್ಮನಿಯ ಬ್ಯಾಂಬರ್ಗ್ ಊರಿನ ಬಿಯರ್. ಸ್ಯಾಂಪಲ್ ಗ್ಲಾಸಲ್ಲಿ ಇದಕ್ಕೆ ನ್ಯಾಯ ಸಿಗೋದೇ ಇಲ್ಲ, ಮೊದಲ ಗುಟುಕಿಗೆ ಬರೀ ಹೊಗೆ, ಬಂದವರೆಲ್ಲ ಮುಖ ಕಿವುಚಿ ಹೋದರು. ಅರ್ಧ ಗ್ಲಾಸ್ ಆಗೋ ಹೊತ್ತಿಗೆ ಮೂಗು ಹೊಗೆಗೆ ಒಗ್ಗಿಕೊಂಡು ಅದರ ಕೆಳಗಿರೋ ಮಾಲ್ಟ್ ಕಾಣಿಸೋಕೆ ಶುರುವಾಗುತ್ತೆ, ಎಷ್ಟು ಶುದ್ಧವಾದ ಲಾಗರ್ ಅಂತ ಆಮೇಲೆ ತಿಳಿಯುತ್ತೆ. ಹಿಂದಿನ ಕಾಲದಲ್ಲಿ ಕಟ್ಟಿಗೆ ಬೆಂಕೀಲಿ ಮಾಲ್ಟ್ ಒಣಗಿಸ್ತಿದ್ದಾಗ ಸುಮಾರು ಬಿಯರ್‌ಗಳಲ್ಲಿ ಹೊಗೆ ವಾಸನೆ ಸ್ವಲ್ಪವಾದ್ರೂ ಇರ್ತಿತ್ತು, ಆ ರುಚಿಯನ್ನ ಉಳಿಸಿಕೊಂಡವರು ಇವರು. ನನ್ನ ಫೇವರಿಟ್ ಇದೇ.

ಕ್ಯಾಸ್ಕ್ ಬಿಟರ್ ಒಂದಿತ್ತು, ಕೈಪಂಪಿನಿಂದ ಎಳೆದು ಕೊಡೋದು, 12 ಡಿಗ್ರಿ ಆಸುಪಾಸು, ಹೊರಗಿನ ಗ್ಯಾಸ್ ಇಲ್ಲ, ಪೀಪಾಯಿ ಒಳಗೇ ಯೀಸ್ಟ್ ಜೀವಂತ. 3.8 ಪರ್ಸೆಂಟ್ ಬಿಯರಲ್ಲಿ ಅಷ್ಟು ರುಚಿ ತರೋದು ಕಸುಬು. ಬ್ರಿಟನ್‌ನಲ್ಲಿ 1971ರಲ್ಲಿ ಕ್ಯಾಮ್ರಾ ಅಂತ ಸಂಘವೇ ಕಟ್ಟಿ ಹೋರಾಡಿದ್ದು ಈ ಬಗೆ ಬಿಯರ್ ಉಳಿಯಲಿ ಅಂತ. ಒಂದ್ಸಲ ತೆರೆದರೆ ಗಾಳಿ ಒಳಗೆ ಹೋಗುತ್ತೆ, ಮೂರು ದಿನದೊಳಗೆ ಖಾಲಿ ಆಗಬೇಕು, ಹಾಗಾಗಿ ನಾಳೆ ಹೋಗೋರು ಬೇಗ ಕುಡಿದುಬಿಡಿ.

ಹೊಸರುಚಿ:
ಎಲ್ರಿಗೂ ನಮಸ್ಕಾರ, ನಾನು ನಾಳೆ ಮೊದಲ ಸಲ ಹೋಗ್ತಿದೀನಿ. ಕಹಿ ಅಷ್ಟು ಇಷ್ಟ ಆಗಲ್ಲ, ಹುಳಿನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ? ಬೋರ್ಡ್ ತುಂಬ ಐಬಿಯು ಎಬಿವಿ ಅಂತೆಲ್ಲ ನಂಬರ್ ಇರುತ್ತಂತೆ, ಅದನ್ನ ನೋಡಿ ಆರಿಸ್ಬಹುದಾ?

ಮಾಲ್ಟ್‌ಮೇಷ್ಟ್ರು:
ಎಬಿವಿ ಅಂದರೆ ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅನ್ನೋದು, ಅದನ್ನ ನೋಡಲೇಬೇಕು, ಐಬಿಯು ಅಷ್ಟಾಗಿ ನಂಬಬೇಡಿ. ಐಬಿಯು ಹೇಳೋದು ಕಹಿ ಅಂಶ ಎಷ್ಟಿದೆ ಅಂತ, ನಾಲಿಗೆಗೆ ಎಷ್ಟು ಕಹಿ ಅನ್ಸುತ್ತೆ ಅಂತಲ್ಲ. 60 ಇರೋ ಇಂಪೀರಿಯಲ್ ಸ್ಟೌಟ್ ಸಿಹಿ ಅನ್ನಿಸಬಹುದು, 40 ಇರೋ ಪಿಲ್ಸ್ನರ್ ಕಹಿ ಅನ್ನಿಸಬಹುದು, ಎಲ್ಲಾ ಮಾಲ್ಟ್ ಎಷ್ಟು ಉಳಿದಿದೆ ಅನ್ನೋದರ ಮೇಲೆ.

ಎಬಿವಿ ಲೆಕ್ಕ ಸರಳ. 11 ಪರ್ಸೆಂಟಿಂದು 100 ಎಂಎಲ್ ಕುಡಿದರೆ 5 ಪರ್ಸೆಂಟಿಂದು 220 ಎಂಎಲ್ ಕುಡಿದ ಹಾಗೆ. ಗ್ಲಾಸ್ ಚಿಕ್ಕದು ಅಂತ ಲೆಕ್ಕ ತಪ್ಪಬಾರದು. ಹಗುರದಿಂದ ಶುರು ಮಾಡಿ ಕಡೇಲಿ ಭಾರದ್ದು, ಹುಳಿ ಮತ್ತು ಹೇಜಿ ಮಧ್ಯದಲ್ಲಿ, ಬ್ಯಾರೆಲ್ ಮತ್ತು ಹೊಗೆ ಕಡೆಗೆ. ಪ್ರತಿ ಎರಡು ಸ್ಯಾಂಪಲ್‌ಗೆ ನೀರು ಕುಡೀರಿ, ಹೊಟ್ಟೆ ತುಂಬ ಊಟ ಮಾಡಿ ಹೋಗಿ, ಗಾಡಿ ಮನೇಲೇ ಬಿಡಿ. ಇಷ್ಟವಾಗದ್ದನ್ನ ಚೆಲ್ಲೋಕೆ ಬಕೆಟ್ ಇಟ್ಟಿರ್ತಾರೆ, ಅದನ್ನ ಬಳಸಿ, ಯಾರೂ ಬೇಜಾರು ಮಾಡ್ಕೊಳಲ್ಲ.

ಹುಳಿಹುಡುಗಿ:
ಹೊಸರುಚಿ, ನಾ ಹೇಳ್ತೇನಿ ಕೇಳ್ರಿ, ಕೋಲ್ಷ್‌ನಿಂದ ಶುರು ಮಾಡ್ರಿ. ಮೂಲ ಜರ್ಮನಿಯ ಕೊಲೋನ್ ಊರಿನ ಬಿಯರ್, ಬೆಚ್ಚಗ ಕೆಲಸ ಮಾಡೋ ಏಲ್ ಯೀಸ್ಟಿನಿಂದ ಹುದುಗಿಸಿ ಆಮ್ಯಾಲ ಲಾಗರ್ ಗತೆ ತಣ್ಣಗ ಇಡ್ತಾರ, ಮೆತ್ತಗ ಇರ್ತದ, ಕಹಿ ಕಮ್ಮಿ. ಆಮ್ಯಾಲ ಗೋಧಿತೆನೆ ಅವರ ಹೆಫೆ. ಆಮ್ಯಾಲ ಗೋಸ. ಲ್ಯಾಂಬಿಕ್ ಮುಟ್ಟಬ್ಯಾಡ್ರಿ ನಾಳೆ, ಅದಕ್ಕ ಇನ್ನೂ ಟೈಮ್ ಅದ.

ಗೋಧಿತೆನೆ:
ಹೌದು, ಮೂಲೆ ಸ್ಟಾಲ್. ಕುಡಿಯುವ ಮೊದಲು ಮೂಗಿಗೆ ಹಿಡಿಯಿರಿ, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ರುಚಿಯ ದೊಡ್ಡ ಪಾಲು ಅಲ್ಲಿ ಗೊತ್ತಾಗ್ತದೆ. ಲವಂಗ ಅಲ್ಲಿಯೇ ಸಿಗುದು.

ಹೊಸರುಚಿ:
ಹೋಗಿ ಬಂದೆ! ಎಲ್ರಿಗೂ ಥ್ಯಾಂಕ್ಸ್. ಕೋಲ್ಷ್ ಇಷ್ಟ ಆಯ್ತು, ಹೆಫೆಲಿ ಮೂಗಿಂದ ಉಸಿರು ಬಿಟ್ಟಾಗ ಲವಂಗ ಸಿಕ್ತು, ಗೋಸ ಎರಡು ಸಲ ಕುಡಿದೆ. ಆದ್ರೆ ನನಗೆ ತುಂಬಾ ಇಷ್ಟ ಆಗಿದ್ದು ಇಲ್ಲಿ ಯಾರೂ ಹೇಳದೇ ಇದ್ದ ಒಂದು ಕಪ್ಪು ಲಾಗರ್. ಕಪ್ಪು ಅಂದ್ರೆ ಪೂರ್ತಿ ಕಪ್ಪಲ್ಲ, ಬೆಳಕಿಗೆ ಹಿಡಿದ್ರೆ ಕೆಂಪು ಕೆಂಪು, ಬ್ರೆಡ್ ಅಂಚು ಸೀದಿರೋ ವಾಸನೆ, ಒಂಚೂರು ಕ್ಯಾರಮೆಲ್ ತರ, ಆದ್ರೆ ಸಿಹಿ ಅಂಟಲ್ಲ, ಕಾಫಿ ಕಹಿನೂ ಇಲ್ಲ. ನೊರೆನೋಟ ಅವ್ರು ಹೇಳಿದ ಹಂಗೆ ಕೊನೆಗೆ ದೊಡ್ಡ ಗ್ಲಾಸ್ ತಗೊಂಡೆ, ಅಷ್ಟೇ ಚೆನ್ನಾಗಿತ್ತು. ಬೋರ್ಡಲ್ಲಿ ಡಾರ್ಕ್ ಲಾಗರ್ ಅಂತ ಅಷ್ಟೇ ಇತ್ತು, ಇದು ಯಾವ ಸ್ಟೈಲು?

ಮಾಲ್ಟ್‌ಮೇಷ್ಟ್ರು:
ನೀವು ಹೇಳಿದ್ದನ್ನ ನೋಡಿದರೆ ಮ್ಯೂನಿಕ್ ಡುಂಕೆಲ್. ಮ್ಯೂನಿಕ್ ಮಾಲ್ಟ್ ಅಂತ ಸ್ವಲ್ಪ ಹೆಚ್ಚು ಬಿಸೀಲಿ ಒಣಗಿಸಿದ ಮಾಲ್ಟ್ ಇರುತ್ತೆ, ಆ ಬ್ರೆಡ್ ಅಂಚು ಅದರಿಂದ. ಕಾಫಿ, ಸುಟ್ಟ ವಾಸನೆ ಇದ್ದು ಇನ್ನೂ ಡ್ರೈ ಆಗಿದ್ದಿದ್ರೆ ಶ್ವಾರ್ಟ್ಸ್‌ಬಿಯರ್ ಅಂತಿದ್ದೆ. ಡುಂಕೆಲ್ ಇಷ್ಟ ಆಗಿದ್ರೆ ಮುಂದೆ ಡಾಪಲ್‌ಬಾಕ್ ಹುಡುಕಿ, ಅದೇ ಮಾಲ್ಟ್ ರುಚಿ ಇನ್ನೂ ದಟ್ಟವಾಗಿರುತ್ತೆ, 7 ಪರ್ಸೆಂಟ್ ಮೇಲೆ, ಹಾಗಾಗಿ ಚಿಕ್ಕ ಗ್ಲಾಸ್ ತಗೊಳ್ಳಿ. ಯಾವ ಸ್ಟಾಲ್ ಅಂತ ನೆನಪಿದ್ರೆ ಬರೀರಿ, ಮುಂದಿನ ಫೆಸ್ಟಿವಲ್‌ಗೆ ಅವರು ಬಂದ್ರೆ ನಾನು ಮೊದಲು ಅಲ್ಲಿಗೇ ಹೋಗೋದು.

ಹೊಸರುಚಿ:
ಕ್ಯಾಸ್ಕ್ ಪಂಪ್ ಇತ್ತಲ್ಲ ಮೇಷ್ಟ್ರೇ, ಅದ್ರ ಎಡಗಡೆ ಎರಡನೇ ಸ್ಟಾಲು, ಹಸಿರು ಹಿಡಿಕೆ ಟ್ಯಾಪ್. ಅಂದಹಾಗೆ ನಿಮ್ಮ ಕ್ಯಾಸ್ಕ್ ಬಿಟರ್ ಮಧ್ಯಾಹ್ನಕ್ಕೇ ಖಾಲಿ ಆಗಿತ್ತು.